ಹಾಲು ಬಿಟ್ಟರೆ ಸಾಲದು

ಹಾಲಿಲ್ಲದ ಚಹಾ ಈಗ ನಮ್ಮ ಮನೆಗಳಿಗೆ ಹೆಚ್ಚಾಗಿ ಬರುತ್ತಿರುವುದು ಡಾಕ್ಟರ ಸಲಹೆಯ ದಾರಿಯಿಂದ. ಸಕ್ಕರೆ ಕಾಯಿಲೆ, ಏರುವ ತೂಕ, ಹಾಲು ಅರಗದ ಹೊಟ್ಟೆ, ಕಾರಣ ಯಾವುದೇ ಇರಲಿ, ಮಾಡುವ ಬಗೆ ಮಾತ್ರ ಒಂದೇ. ಅದೇ ಪಾತ್ರೆಗೆ ಅದೇ ಪುಡಿ ಅಷ್ಟೇ ಹಾಕಿ, ಅಷ್ಟೇ ಹೊತ್ತು ಕೊತಕೊತ ಕುದಿಸಿ, ಹಾಲು ಹುಯ್ಯುವ ಹೊತ್ತಿಗೆ ಹುಯ್ಯದೆ ಸೋಸಿಬಿಡುವುದು. ಲೋಟಕ್ಕೆ ಇಳಿಯುವುದು ಬಾಯೆಲ್ಲ ಒಣಗಿಸುವ ಕರ್ರಗಿನ ನೀರು. ನಾಲ್ಕು ದಿನ ಮೂಗು ಹಿಡಿದು ಕುಡಿದವರು ಐದನೆಯ ದಿನ ಮತ್ತೆ ಹಾಲಿನ ಪ್ಯಾಕೆಟ್ ಕತ್ತರಿಸುತ್ತಾರೆ. ಬ್ಲ್ಯಾಕ್ ಟೀ ಎಂದರೆ ಔಷಧ, ರುಚಿಗೆ ಕುಡಿಯುವಂಥದ್ದಲ್ಲ ಎಂಬ ತೀರ್ಪು ಆ ಮನೆಯಲ್ಲಿ ಕಾಯಮ್ಮಾಗುತ್ತದೆ. ಆ ತೀರ್ಪಿಗೆ ನನ್ನ ಒಪ್ಪಿಗೆಯಿಲ್ಲ. ಅವರು ಕುಡಿದದ್ದು ಹಾಲಿಗೆಂದೇ ಹದ ಮಾಡಿದ ಡಿಕಾಕ್ಷನ್ನನ್ನು. ಹಾಲಿಲ್ಲದ ಚಹಾಕ್ಕೆ ಅದರದೇ ಹದವಿದೆ. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ನಮ್ಮ ಡಬ್ಬಿಗಳಲ್ಲಿರುವ ಸಣ್ಣ ಕಾಳಿನಂಥ ಪುಡಿ ಸಿಟಿಸಿ. ಬಾಡಿಸಿದ ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಹಾಯಿಸಿ ಜಜ್ಜಿ, ಹರಿದು, ಸುರುಳಿ ಮಾಡುವ ಈ ಯಂತ್ರ 1930ರ ದಶಕದ ಮೊದಲಲ್ಲಿ ಅಸ್ಸಾಮಿನ ಅಮ್‌ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ಎಂಬಾತನ ಕೈಯಲ್ಲಿ ರೂಪುಗೊಂಡಿತು. ಇಂದು ಭಾರತದಲ್ಲಿ ತಯಾರಾಗುವ ಚಹಾದಲ್ಲಿ ಬಹುಪಾಲು ಇದೇ. ಎಲೆ ಪೂರ್ತಿ ಒಡೆದುಹೋಗುವುದರಿಂದ ಬಣ್ಣವೂ ಖಡಕ್ಕೂ ಕ್ಷಣದಲ್ಲಿ ನೀರಿಗೆ ಇಳಿಯುತ್ತವೆ, ಅದರ ಜೊತೆಗೇ ಒಗರೂ ಇಳಿಯುತ್ತದೆ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಒಗರಿಗೆ ಕಾರಣವಾದ ಪಾಲಿಫಿನಾಲ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಶುಂಠಿ ಜಜ್ಜಿಹಾಕಿ, ಹಾಲು ಸುರಿದು, ಎರಡು ಸಲ ಉಕ್ಕಿಸಿದ ಚಹಾದಲ್ಲಿ ಆ ಖಡಕ್ ಬೇಕೇ ಬೇಕು. ಇಲ್ಲವಾದರೆ ಹಾಲಿನ ಎದುರು ಚಹಾ ಸೋಲುತ್ತದೆ. ಹಾಲಿನ ಚಹಾವನ್ನು ಹೀಗಳೆದು ಕಪ್ಪು ಚಹಾವನ್ನು ಹೊಗಳುವವರ ಜೊತೆ ನಾನಿಲ್ಲ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಹೊರಗೆ ಬೆಳಗಿನ ಜಾವ ಸಿಗುವ ಚಾ ತನ್ನ ಜಾಗದಲ್ಲಿ ಪರಿಪೂರ್ಣವಾದದ್ದು. ಅದೇ ಡಿಕಾಕ್ಷನ್ನಿನಿಂದ ಹಾಲನ್ನು ಕಳೆದರೆ ಒಗರನ್ನು ತಡೆಯಲು ಯಾರೂ ಉಳಿದಿರುವುದಿಲ್ಲ.

ಈ ವಿಷಯದಲ್ಲಿ ಜಾರ್ಜ್ ಆರ್ವೆಲ್‌ನ ಜೊತೆ ಜಗಳವಾಡುವುದು ನನಗೆ ಇಷ್ಟ. 1946ರ ಜನವರಿಯಲ್ಲಿ ಲಂಡನ್ನಿನ ಈವನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಗೆ ಆತ ಚಹಾ ಮಾಡುವ ಬಗೆಯ ಮೇಲೆ ಒಂದು ಪುಟ್ಟ ಪ್ರಬಂಧ ಬರೆದ. ಒಟ್ಟು 11 ನಿಯಮ. ಯುದ್ಧ ಮುಗಿದಿದ್ದರೂ ಇಂಗ್ಲೆಂಡಿನಲ್ಲಿ ಚಹಾಕ್ಕೆ ಇನ್ನೂ ರೇಷನ್ ಇತ್ತು, ಅದು 1952ರವರೆಗೂ ನಡೆಯಿತು. ಹಿಡಿಯಷ್ಟು ಎಲೆ ಕೈಗೆ ಬಂದರೆ ಅದನ್ನು ಹಾಳುಮಾಡಬಾರದೆಂಬ ಕಾಳಜಿ ಆ ಬರಹದ ಉದ್ದಕ್ಕೂ ಇದೆ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆರ್ವೆಲ್‌ಗೆ ಭಾರತದ ಅಥವಾ ಸಿಲೋನಿನ ಚಹಾವೇ ಆಗಬೇಕು. ಕುಡಿಕೆಯನ್ನು ಮೊದಲೇ ಬಿಸಿ ಮಾಡಿರಬೇಕು, ಎಲೆ ಚೀಲದಲ್ಲಿ ಬಂಧಿಯಾಗದೆ ನೀರಿನಲ್ಲಿ ಬಿಡುಬೀಸಾಗಿ ತೇಲಬೇಕು, ನೀರು ಎಲೆಗೆ ತಾಗುವ ಗಳಿಗೆಯಲ್ಲೂ ಕುದಿಯುತ್ತಿರಬೇಕು. ಇಷ್ಟೂ ನನಗೆ ಒಪ್ಪಿಗೆ. ಸಕ್ಕರೆ ಹಾಕಿದರೆ ಚಹಾದ ರುಚಿಯೇ ಸತ್ತುಹೋಗುತ್ತದೆ ಎನ್ನುವ ಆತನ ವಾದವೂ ಗಟ್ಟಿಯಾದದ್ದೇ. ಆದರೆ ಅದೇ ವಾದವನ್ನು ಹಾಲಿಗೆ ಅನ್ವಯಿಸುವ ಹೊತ್ತಿಗೆ ಆರ್ವೆಲ್ ಹಿಂಜರಿಯುತ್ತಾನೆ. ಹಾಲಿನ ಕೆನೆ ತೆಗೆದುಬಿಡಿ, ಕೆನೆ ಇದ್ದರೆ ಚಹಾ ಕೆಡುತ್ತದೆ ಎನ್ನುತ್ತಾನೆ. ಹಾಲನ್ನು ಚಹಾದ ನಂತರ ಹಾಕಿ ಎಂದು ವಾದಿಸುತ್ತಾನೆ. ಹಾಲು ಎಲೆಯ ರುಚಿಯನ್ನು ಮುಚ್ಚುತ್ತದೆಂದು ಆತನ ನಾಲಿಗೆಗೆ ಗೊತ್ತಾಗಿತ್ತು, ಅದಕ್ಕೇ ಕೆನೆಯ ಮೇಲೆ ಆ ಸಿಟ್ಟು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಹಾಲಿಲ್ಲದ ಬಟ್ಟಲಿಗೇ ಬಂದು ನಿಲ್ಲುತ್ತಿದ್ದ. ಆ ಹೆಜ್ಜೆ ಇಡದೆಹೋದದ್ದು ಆ ಒಳ್ಳೆಯ ಪ್ರಬಂಧದ ಒಂದೇ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ.

ಚಹಾದ ರುಚಿ ನೋಡುವುದನ್ನೇ ವೃತ್ತಿ ಮಾಡಿಕೊಂಡವರಿಗೂ ಒಂದು ಕಟ್ಟಳೆಯಿದೆ. ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಎಲೆಯ ಗುಣದೋಷ ಎರಡೂ ಎದ್ದು ಕಾಣಲಿ ಎಂದು ಮಾಡಿದ ಲೆಕ್ಕ ಇದು. ಮನೆಯಲ್ಲಿ ಸುಖವಾಗಿ ಕುಡಿಯಲು ಇಷ್ಟು ಬಿಗಿ ಬೇಡ. ನಾನು ಒಂದು ದೊಡ್ಡ ಬಟ್ಟಲಿಗೆ 2 ಗ್ರಾಂ, ಎಂದರೆ ಒಂದು ಟೀ ಚಮಚದಷ್ಟು, ನೀಲಗಿರಿಯ ಆರ್ಥೊಡಾಕ್ಸ್ ಎಲೆ, ಅಂದರೆ ಸಿಟಿಸಿ ಯಂತ್ರಕ್ಕೆ ಹಾಯಿಸದ ಎಲೆ, ಹಾಕುತ್ತೇನೆ. ನೀರು ಮರಳಿದ ಕೂಡಲೇ ಒಲೆ ಆರಿಸಿ, ಎಲೆ ಹಾಕಿ, ತಟ್ಟೆ ಮುಚ್ಚಿ, ಮೂರೂವರೆ ನಿಮಿಷ ಬಿಡುತ್ತೇನೆ. ಮುಚ್ಚದೆ ನೋಡುತ್ತ ನಿಂತರೆ ಒಣಗಿ ಮುದುಡಿದ ಕಡ್ಡಿಯಂಥ ಎಲೆ ಮೊದಲು ಮೇಲೇ ತೇಲುತ್ತದೆ, ಅದರ ತುದಿಯಿಂದ ಜೇನಿನ ಬಣ್ಣದ ಎಳೆಗಳು ಕೆಳಕ್ಕೆ ಇಳಿಯತೊಡಗುತ್ತವೆ. ಆಮೇಲೆ ಎಲೆ ನೀರು ಕುಡಿದು ಬಿಚ್ಚಿಕೊಳ್ಳುತ್ತ ಒಂದೊಂದೇ ತಳ ಸೇರುತ್ತದೆ. ಮುಚ್ಚಿದ ತಟ್ಟೆ ತೆಗೆದು ಅದರ ಒಳಮೈ ಮೂಸಿ ನೋಡಿ: ಆ ದಿನದ ಚಹಾ ಹೇಗಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಹೊತ್ತು ಮೀರಿದರೆ ಪರಿಮಳ ಹೆಚ್ಚುವುದಿಲ್ಲ, ಒಗರಷ್ಟೇ ಹೆಚ್ಚುತ್ತದೆ. ಖಡಕ್ ಬೇಕೆನ್ನುವವರು ಎಲೆ ಜಾಸ್ತಿ ಹಾಕಬೇಕು, ಹೊತ್ತನ್ನಲ್ಲ.

ನೀರಿನ ಮಾತನ್ನು ಯಾರೂ ಆಡುವುದಿಲ್ಲ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯಲ್ಲಿ ಕೆಂಪಾಗಿ ಹೊಳೆಯುವ ಚಹಾ, ಎರಡು ಬೀದಿ ಆಚೆ ಬೋರ್‌ವೆಲ್ ನೀರಿನಲ್ಲಿ ಮಂಕಾಗುತ್ತದೆ. ಆರುತ್ತಿದ್ದಂತೆ ಮೇಲೆ ತೆಳ್ಳನೆಯ ಪೊರೆ ಕಟ್ಟಿ, ಬಟ್ಟಲಿನ ಅಂಚಿಗೆ ಕಂದು ಗೆರೆ ಬೀಳುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಮಾಡುವ ಕೆಲಸ ಅದು. ಹಾಲಿನ ಚಹಾದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ನಾಲ್ಕು ಹನಿ ನಿಂಬೆರಸ ಹಿಂಡಿದರೆ ಪೊರೆ ಒಡೆಯುತ್ತದೆ, ಬಣ್ಣವೂ ತಿಳಿಯಾಗುತ್ತದೆ. ಫಿಲ್ಟರ್ ನೀರು ಬಳಸಿದರೆ ನಿಂಬೆಯ ಹಂಗೂ ಇಲ್ಲ.

ದುಬಾರಿ ಎಲೆಯೇ ಬೇಕೆಂದು ಹೇಳಿದರೆ ಕರಾವಳಿಯವರು ಒಪ್ಪಲಾರರು, ಅವರ ಮಾತೇ ಸರಿ. ಅಲ್ಲಿನ ಹಾಲಿಲ್ಲದ ಕಣ್ಣ ಚಾ ಆಗುವುದು ಅಂಗಡಿಯ ಸಾದಾ ಪುಡಿಯಿಂದಲೇ. ಕೇರಳದ ಕಟ್ಟನ್ ಚಾಯ, ಬಿರಿಯಾನಿಯ ನಂತರ ನಿಂಬೆ ಏಲಕ್ಕಿಯ ಜೊತೆ ಕೊಡುವ ಸುಲೈಮಾನಿ, ಬಂಗಾಳದ ಲಿಕರ್ ಚಾ ಎಲ್ಲಕ್ಕೂ ಇದೇ ನ್ಯಾಯ: ಪುಡಿ ಕಮ್ಮಿ, ಕುದಿಯೂ ಕಮ್ಮಿ. ಹಾಲಿನ ಚಹಾಕ್ಕೆ ಹಾಕುವ ಪುಡಿಯಲ್ಲಿ ಅರ್ಧ ಸಾಕು, ನೀರಿನಲ್ಲಿ ಒಂದು ನಿಮಿಷ ನಿಂತರೆ ಸಾಕು. ಬೆಲ್ಲದ ಚೂರು ಹಾಕುವ ಮನೆಗಳ ಜೊತೆಗೂ ನನ್ನ ಜಗಳವಿಲ್ಲ. ಬೆಲ್ಲಕ್ಕೂ ಒಗರಿಗೂ ಚೆನ್ನಾಗಿ ಹೊಂದುತ್ತದೆ, ಈ ಮಟ್ಟಿಗೆ ಆರ್ವೆಲ್‌ನ ಮಾತು ಮೀರಬಹುದು. ಬ್ಲ್ಯಾಕ್ ಟೀ ಎಂದರೆ ಶ್ರೀಮಂತರ ಶೋಕಿ ಎಂದುಕೊಂಡವರು ಈ ಊರುಗಳ ಕಡೆ ನೋಡಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡುವಂತಿಲ್ಲ. ಸೊಪ್ಪು, ಕಾಳುಗಳಿಂದ ಬರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳದಂತೆ ಚಹಾದ ಪಾಲಿಫಿನಾಲ್‌ಗಳು ತಡೆಯುತ್ತವೆ. ರಕ್ತಹೀನತೆ ಇರುವ ಹೆಂಗಸರು ಊಟ ಮುಗಿದ ಕೂಡಲೇ ಕಪ್ಪು ಚಹಾ ಕುಡಿಯುವುದು ಒಳ್ಳೆಯದಲ್ಲ. ಒಂದು ಗಂಟೆಯಾದರೂ ಬಿಡಬೇಕು. ತೂಕ ಇಳಿಸುತ್ತದೆಂದು ದಿನಕ್ಕೆ ಎಂಟು ಲೋಟ ಕುಡಿಸುವ ಸಲಹೆಗಳನ್ನು ನಾನಂತೂ ಒಪ್ಪುವುದಿಲ್ಲ.

ಇನ್ನು ಹೋಟೆಲುಗಳು. ಬ್ಲ್ಯಾಕ್ ಟೀ ಕೇಳಿದರೆ ದೊಡ್ಡ ಹೋಟೆಲಿನಲ್ಲೂ ಒಂದು ಕಪ್ ಬಿಸಿನೀರು, ತಟ್ಟೆಯಲ್ಲಿ ಟೀ ಬ್ಯಾಗು, ಪಕ್ಕದಲ್ಲಿ ಸಕ್ಕರೆ ಪೊಟ್ಟಣ ತಂದಿಡುತ್ತಾರೆ. ಅಡುಗೆಮನೆಯಿಂದ ಮೇಜಿಗೆ ಬರುವಷ್ಟರಲ್ಲಿ ನೀರಿನ ಕಾವು ಇಳಿದಿರುತ್ತದೆ. ಬ್ಯಾಗಿನೊಳಗಿರುವುದು ತೀರ ಸಣ್ಣ ಪುಡಿ. ಕುದಿನೀರಿಲ್ಲದೆ ಅದರಿಂದ ಬಣ್ಣ ಬರುತ್ತದೆ, ಪರಿಮಳ ಬರುವುದಿಲ್ಲ. ಫಿಲ್ಟರ್ ಕಾಫಿಯ ಡಿಕಾಕ್ಷನ್ನಿಗೆ ಇಷ್ಟು ನಿಗಾ ವಹಿಸುವ ನಮ್ಮ ಹೋಟೆಲಿನವರಿಗೆ ಇದು ಕಷ್ಟದ ಕೆಲಸವೇನಲ್ಲ. ಎಲೆಯ ಮೇಲೆ ಕುದಿನೀರು ಒಳಗೇ ಹುಯ್ದು, ಮುಚ್ಚಿ, ಕುಡಿಕೆಯ ಸಮೇತ ಮೇಜಿಗೆ ತಂದುಕೊಡಲಿ; ಸೋಸಿಕೊಳ್ಳುವುದನ್ನು ನಾವೇ ಮಾಡಿಕೊಳ್ಳುತ್ತೇವೆ.