ಮೂವತ್ತೈದಕ್ಕೆ ಸಿಗುವ ಕೆಲಸ

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ಹೊರತಂದ ‘ಸ್ಟೇಟ್ ಆಫ್ ವರ್ಕಿಂಗ್ ಇಂಡಿಯಾ’ ವರದಿಯಲ್ಲಿ ಹೆಚ್ಚು ಸದ್ದು ಮಾಡಿದ ಅಂಕಿ ಒಂದೇ: 25 ತುಂಬದ ಪದವೀಧರರಲ್ಲಿ ನಿರುದ್ಯೋಗ ಶೇ 42. ನನ್ನನ್ನು ಕಾಡಿದ್ದು ಅದೇ ಕೋಷ್ಟಕದ ಕೆಳಸಾಲು. 35 ದಾಟಿದ ಪದವೀಧರರಲ್ಲಿ ಅದು ಶೇ 5ಕ್ಕಿಂತ ಕಡಿಮೆ. ಹಾಗಾದರೆ ಹತ್ತು ವರ್ಷ ತಾಳಿಕೊಂಡರೆ ಎಲ್ಲರಿಗೂ ಕೆಲಸ ಆಗಿಬಿಡುತ್ತದೆಯೇ?

ಬೆಂಗಳೂರಿನ ಬಿಟಿಎಂ ಲೇಔಟ್‌ನ ಪಿಜಿಗಳ ನಡುವೆ ಓಡಾಡಿದವರು ಇದನ್ನು ಸುಲಭಕ್ಕೆ ನಂಬಲಾರರು. ಬಿ.ಇ., ಬಿ.ಕಾಂ. ಮುಗಿಸಿ ಬಂದ ಹುಡುಗರು ಇಂಟರ್‌ವ್ಯೂಗೆಂದು ಅಲೆಯುತ್ತಾರೆ. ಊರಿನಿಂದ ಬರುವ ದುಡ್ಡು ನಿಂತ ತಿಂಗಳು ಒಬ್ಬ ಡೆಲಿವರಿ ಬ್ಯಾಗ್ ಹೆಗಲಿಗೇರಿಸುತ್ತಾನೆ. ದರ್ಶಿನಿಯ ಮುಂದೆ ಗಾಡಿಯ ಮೇಲೆ ಕೂತು, ಆರ್ಡರ್ ಬರುವ ತನಕ ಅದೇ ಫೋನಿನಲ್ಲಿ ಕೆಪಿಎಸ್‌ಸಿಯ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿರುತ್ತಾನೆ. ಲೆಕ್ಕದಲ್ಲಿ ಅವನು ಉದ್ಯೋಗಸ್ಥ. ವರದಿ ಆಧರಿಸಿರುವ ಕೇಂದ್ರದ ಪಿಎಲ್‌ಎಫ್‌ಎಸ್ ಸಮೀಕ್ಷೆಯಲ್ಲಿ ವಾರಕ್ಕೆ ಒಂದು ಗಂಟೆ ದುಡಿದರೂ ಆ ವಾರದ ಮಟ್ಟಿಗೆ ನಿರುದ್ಯೋಗಿಯಲ್ಲ. ವರ್ಷದ ಲೆಕ್ಕಕ್ಕೆ 30 ದಿನ ಸಾಕು. ಇನ್ನು ಜೆ.ಪಿ. ನಗರದ ಎಂ.ಎಸ್ಸಿ. ಓದಿದ ಗೃಹಿಣಿ ಮಗುವಾದ ಮೇಲೆ ಕೆಲಸ ಹುಡುಕುವುದನ್ನೇ ಬಿಟ್ಟರೆ ಪಟ್ಟಿಯಿಂದ ಹೊರಗೆ. ಆಕೆ ಕೈಚೆಲ್ಲಿದ್ದಕ್ಕೆ ದರ ಇಳಿಯುತ್ತದೆ!

ಸಿಕ್ಕ ಕೆಲಸ ಎಂಥದ್ದು, ಓದಿಗೆ ತಕ್ಕದ್ದೇ ಎಂಬ ಪ್ರಶ್ನೆಯನ್ನು ವರದಿಯೇ ಎತ್ತುತ್ತದೆ, ಅದು ಅದರ ಹೆಚ್ಚುಗಾರಿಕೆ. ಓದುಗರು ಎಡವುವುದು ಬೇರೆ ಕಡೆ. ಒಂದೇ ಕೋಷ್ಟಕದ 22ರವನು ಮತ್ತು 40ರವನು ಬೇರೆ ಬೇರೆ ಕಾಲದವರು. ಈಗ ನಲವತ್ತಾದವರು ಕಾಲೇಜು ಮುಗಿಸಿದ್ದು ಐಟಿ, ಬಿಪಿಒ ಕಂಪನಿಗಳು ಸಾಲುಸಾಲಾಗಿ ಜನರನ್ನು ಸೇರಿಸಿಕೊಳ್ಳುತ್ತಿದ್ದಾಗ. ಅವರಿಗೂ ಹಿಂದಿನವರು ಎಸ್ಸೆಸ್ಸೆಲ್ಸಿ, ಐಟಿಐ ಮಾಡಿ ಎಚ್‌ಎಂಟಿ, ಬಿಇಎಲ್ ಸೇರಿ, ಜಯನಗರ, ಬನಶಂಕರಿಯಲ್ಲಿ ಮನೆ ಕಟ್ಟಿಕೊಂಡರು. ಅವರ ಮೊಮ್ಮಗನಿಗೆ ಈ ಕೋಷ್ಟಕ ತೋರಿಸಿ ‘ತಾಳು’ ಎಂದರೆ ಅದು ಸಮಾಧಾನವಷ್ಟೇ, ಪುರಾವೆಯಲ್ಲ.

ಆ ಮೊಮ್ಮಗನಾದರೂ ತಾಳಿಯಾನು: ಸ್ವಂತ ಮನೆ, ಅಜ್ಜನ ಉಳಿತಾಯ, ಬೆಳಿಗ್ಗೆ ತಿಂಡಿ. ರಾಯಚೂರಿನಿಂದ ಬಂದವನಿಗೆ ಆ ಸವಲತ್ತಿಲ್ಲ. ರಾಜ್ಯ ಸರ್ಕಾರದ ಯುವನಿಧಿ ನಿರುದ್ಯೋಗಿ ಪದವೀಧರರಿಗೆ ಕೊಡುವುದು ತಿಂಗಳಿಗೆ 3,000 ರೂಪಾಯಿ, ಅದೂ ಗರಿಷ್ಠ ಎರಡು ವರ್ಷ. ಬಿಟಿಎಂನಲ್ಲಿ ಒಂದು ಹಾಸಿಗೆಯ ಬಾಡಿಗೆಗೂ ಸಾಲದು. ಹಾಗಾಗಿ ಅವನು ಸಿಕ್ಕಿದ್ದಕ್ಕೆ ಸೇರಿ ಉದ್ಯೋಗಿಯಾಗುತ್ತಾನೆ, ಜಯನಗರದವನು ಕಾದು ನಿರುದ್ಯೋಗಿಯಾಗಿ ಉಳಿಯುತ್ತಾನೆ. ವಯಸ್ಸು, ಓದು ಎರಡೇ ನೋಡಿದರೆ ಇಬ್ಬರೂ ಒಂದೇ ಸಾಲಿನವರು. ಬಾಡಿಗೆ ಯಾರು ಕಟ್ಟುತ್ತಾರೆ ಎಂಬುದಕ್ಕೂ ಆ ಕೋಷ್ಟಕದಲ್ಲಿ ಒಂದು ಕಾಲಂ ಬೇಕಿತ್ತು.