ಕೊರಗರ ಮಿಷನ್ನು ಮತ್ತು ಕ್ಷಮೆಯ ಲೆಕ್ಕ

ಬಡವರ ನಡುವಿನ ಕ್ರೈಸ್ತ ಮಿಷನ್ ಕೆಲಸದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಹೆಚ್ಚಾಗಿ ಎರಡೇ ಪ್ರಶ್ನೆಗಳನ್ನು ಸುತ್ತುತ್ತದೆ: ಎಷ್ಟು ಶಾಲೆ ಕಟ್ಟಿದರು, ಎಷ್ಟು ಮಂದಿಯ ಮತ ಬದಲಿಸಿದರು? ಆ ಕೆಲಸದ ಬುಡದಲ್ಲಿರುವುದು ಪಾಪ ಮತ್ತು ಕ್ಷಮೆಯ ಬೋಧನೆ. ತಲೆಮಾರುಗಳಿಂದ ತುಳಿತಕ್ಕೆ ಒಳಗಾದವರ ಬದುಕಿನಲ್ಲಿ ಆ ಬೋಧನೆ ಏನು ಮಾಡಿತು ಎಂದು ಕೇಳಬೇಕು. ಕಾಸರಗೋಡಿನ ಕೊರಗ ಬುಡಕಟ್ಟಿನವರ ನಡುವಿನ ಮಿಷನ್ನನ್ನು ನಾನು ನೋಡುವುದು ಈ ಪ್ರಶ್ನೆಯ ಮೂಲಕ.

ಕಾಸರಗೋಡಿನ ಬಳಿಯ ದೇವಸ್ಥಾನದ ಊರು ಮಧೂರಿನಿಂದ ಹೆಚ್ಚು ದೂರವಿಲ್ಲದ ಬೇಳದಲ್ಲಿ 1890ರ ಇಗರ್ಜಿಯಿದೆ. ಅಲ್ಲಿಂದ ಒಳನಾಡಿಗೆ ಹೋದರೆ ನಾರಂಪಾಡಿ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿ ಅಲೆಗ್ಸಾಂಡರ್ ಕಮಿಸ್ಸಾ ಇಲ್ಲಿ ಕೊರಗರ ನಡುವೆ ನೆಲೆಸಿದರು. ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆದು, ದಣಿಗಳ ಮನೆಯ ಹೊರಗೆ ನಿಂತು ಬದುಕುತ್ತಿದ್ದವರಿಗೆ ಕೂರಲು ನೆಲ, ಮಾಡಲು ಬೇಸಾಯ, ಮಕ್ಕಳಿಗೆ ಅಕ್ಷರ ಸಿಗಬೇಕೆಂಬುದು ಆ ಮಿಷನ್ನಿನ ಹಂಬಲ.

ಕೊರಗರು ಎಂಥ ಸ್ಥಿತಿಯಲ್ಲಿದ್ದರು ಎಂಬುದನ್ನು ನೆನೆದರೆ ಈ ಕೆಲಸದ ತೂಕ ತಿಳಿಯುತ್ತದೆ. ಉಗುಳಿನಿಂದ ದಾರಿ ಮೈಲಿಗೆಯಾಗದಿರಲೆಂದು ಕತ್ತಿಗೆ ಅಂಡೆ ಕಟ್ಟಿಕೊಂಡು ನಡೆಯಬೇಕಾಗಿದ್ದ ‘ಅಂಡೆ ಕೊರಗ’ರ ಬಗ್ಗೆ ಹಳೆಯ ದಾಖಲೆಗಳು ಹೇಳುತ್ತವೆ. ಅದಕ್ಕಿಂತ ಕ್ರೂರವಾದದ್ದು ಅಜಲು ಪದ್ಧತಿ. ಮೇಲುಜಾತಿಯವರ ಮನೆಯ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸುತ್ತಿದ್ದರು. ಮನೆಯ ರೋಗ, ಅನಿಷ್ಟಗಳೆಲ್ಲ ಉಂಡವರ ಮೈಗೆ ಹೋಗಲಿ ಎಂಬುದು ಅದರ ಉದ್ದೇಶ. ಊರಿನವರ ಪಾಪವನ್ನೆಲ್ಲ ನುಂಗುವ ಹೊಣೆ ಒಂದು ಜನಾಂಗದ ಪಾಲಾಗಿತ್ತು. ಅಂಥವರ ಕೊಪ್ಪಕ್ಕೆ ಬಂದು, ನಿಮ್ಮ ಪಾಪವನ್ನು ದೇವರ ಮಗನೇ ಹೊತ್ತಿದ್ದಾನೆ, ಬೇರೆಯವರ ಅನಿಷ್ಟ ಹೊರಲು ನೀವು ಹುಟ್ಟಿದ್ದಲ್ಲ ಎನ್ನುವುದು ಸಣ್ಣ ಮಾತಲ್ಲ. ಅಜಲಿನ ತರ್ಕವನ್ನೇ ತಲೆಕೆಳಗು ಮಾಡುವ ಶಕ್ತಿ ಆ ಬೋಧನೆಯಲ್ಲಿತ್ತು. ಮಿಷನ್ನಿನ ನಿಜವಾದ ಹಿರಿಮೆಯನ್ನು ನಾನು ಕಾಣುವುದು ಇಲ್ಲಿ.

ದೋಷವೂ ಇಲ್ಲೇ ಇದೆ. ಕ್ಷಮೆಗೆ ಮೊದಲು ಪಾಪನಿವೇದನೆ ಆಗಬೇಕು. ನಿವೇದಿಸಿಕೊಳ್ಳಲು ಮೊಣಕಾಲೂರಬೇಕಾದವನು ಕೊರಗನೇ. ಪಾದ್ರಿಗೆ ಕಂಡ ಪಾಪಗಳು ಕುಡಿತ, ಭೂತಾರಾಧನೆಯಂಥವು. ಅನ್ನಕ್ಕೆ ಉಗುರು ಬೆರೆಸಿದವರ ಪಾಪವನ್ನು ಯಾರು ಕೇಳಿದರು? ಮಂಗಳೂರು ಸೀಮೆಯ ಕೆಥೋಲಿಕರೊಳಗೂ ಬಾಮಣ, ಚಾರಡಿ ಎಂಬ ಜಾತಿಭೇದ ಉಳಿದುಕೊಂಡಿತ್ತು. ಅಂಥ ಸಭೆ ಅನ್ಯಾಯಕ್ಕೆ ಒಳಗಾದವನಿಂದ ಪಶ್ಚಾತ್ತಾಪ ಬಯಸಿದಷ್ಟು, ಅನ್ಯಾಯ ಮಾಡಿದವರಿಂದ ಬಯಸಲಿಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಪ್ರೊಟೆಸ್ಟಂಟ್ ಬಾಸೆಲ್ ಮಿಷನ್ನಿನ ಶಿಸ್ತು ಇನ್ನೂ ಬಿಗಿ. ತಪ್ಪಿದವರನ್ನು ಸಭೆಯಿಂದ ಹೊರಗಿಡುತ್ತಿದ್ದರು, ಪಶ್ಚಾತ್ತಾಪಪಟ್ಟವರನ್ನು ಮರಳಿ ಸೇರಿಸಿಕೊಳ್ಳುತ್ತಿದ್ದರು. ಸಭೆಯೊಳಗೆ ಜಾತಿ ನಡೆಸುವುದೂ ಅಲ್ಲಿ ತಪ್ಪೇ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ನೇಯ್ಗೆ, ಹಂಚಿನ ಕಾರ್ಖಾನೆಗಳಲ್ಲಿ ಕೂಲಿ ಕೊಡುತ್ತಿದ್ದ ಸಂಸ್ಥೆಯೇ ಕ್ಷಮೆಯನ್ನೂ ಕೊಡುತ್ತಿತ್ತು. ಹೊಟ್ಟೆಪಾಡು ಯಾರ ಕೈಯಲ್ಲಿದೆಯೋ ಅವರೆದುರು ಹೇಳಿಕೊಂಡ ಪಶ್ಚಾತ್ತಾಪದಲ್ಲಿ ಭಯದ ಪಾಲು ಎಷ್ಟು ಎಂದು ಕೇಳದಿರಲು ಆಗುವುದಿಲ್ಲ.

ಕ್ಷಮೆಯ ಇನ್ನೊಂದು ಮುಖವನ್ನು ಇತ್ತೀಚಿನ ಚರಿತ್ರೆ ಕಂಡಿದೆ. ಒಡಿಶಾದ ಮಯೂರ್‌ಭಂಜ್‌ನಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಎಳೆಯ ಗಂಡುಮಕ್ಕಳನ್ನೂ 1999ರ ಜನವರಿಯಲ್ಲಿ ಮನೋಹರಪುರದಲ್ಲಿ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು. ಹಾಗೆಂದು ಕಾನೂನು ತನ್ನ ಕೆಲಸ ಮಾಡುವುದು ಬೇಡ ಎನ್ನಲಿಲ್ಲ. ಕ್ಷಮೆ ಬೇರೆ, ನ್ಯಾಯ ಬೇರೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ ಎಂಬುದು ಅವರ ನಡೆಯಲ್ಲಿ ಸ್ಪಷ್ಟವಾಗಿತ್ತು. ಅಲ್ಲಿ ಕ್ಷಮಿಸಿದ್ದು ನೊಂದ ಜೀವ. ಯಾರ ಒತ್ತಾಯವೂ ಇರಲಿಲ್ಲ. ಅವರ ದುಃಖಕ್ಕೆ ಹೆಸರಿತ್ತು, ದೇಶವೇ ಕಿವಿಗೊಟ್ಟಿತು. ಕೊರಗನಿಗೆ ಈ ಸ್ಥಾನ ಸಿಕ್ಕಿಲ್ಲ. ‘ಕ್ಷಮಿಸಿದ್ದೇನೆ’ ಎನ್ನಬೇಕಾದರೆ ‘ಕ್ಷಮಿಸಲಾರೆ’ ಎನ್ನುವ ಹಕ್ಕೂ ಬೇಕು.

ಕರ್ನಾಟಕ 2000ದಲ್ಲಿ ಅಜಲು ನಿಷೇಧ ಕಾಯಿದೆ ತಂದಿತು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿಗೆ ಅದರ ವ್ಯಾಪ್ತಿಯಿಲ್ಲ. ಕಾನೂನು ಶಿಕ್ಷಿಸಬಲ್ಲದು, ಕ್ಷಮೆ ಕೇಳಿಸಲಾರದು. ದೇವಸ್ಥಾನಗಳಿಗೂ ಇಂಥದೇ ಬಾಕಿಯಿದೆ. ಮಧೂರು ದೇವಸ್ಥಾನದ ಲಿಂಗವನ್ನು ಮೊದಲು ಕಂಡವಳು, ಕೊರಗರಂತೆಯೇ ತುಳಿತಕ್ಕೆ ಒಳಗಾದ ಮೊಗೇರ ಜಾತಿಯ ಮದರು ಎಂಬ ಮುದುಕಿ ಎನ್ನುತ್ತದೆ ಇಲ್ಲಿನ ಐತಿಹ್ಯ. ಆದರೂ ಆಕೆಯಂಥವರಿಗೆ ದೇವಸ್ಥಾನಗಳ ಬಾಗಿಲು ತೆರೆಯಲು 1947ರ ಮದ್ರಾಸ್ ಕಾಯಿದೆ ಬರಬೇಕಾಯಿತು. ಋಣ ಇಗರ್ಜಿಯದು ಮಾತ್ರವಲ್ಲ, ಇಡೀ ಊರಿನದು.

ಕೊರಗರ ಮಿಷನ್ ಅರ್ಧ ಕೆಲಸವನ್ನು ಪ್ರೀತಿಯಿಂದ ಮಾಡಿತು ಎಂಬುದು ನನ್ನ ತೀರ್ಮಾನ. ಮನುಷ್ಯರೆಂದು ಯಾರೂ ಎಣಿಸದವರನ್ನು ದೇವರ ಮಕ್ಕಳೆಂದು ಕರೆಯಿತು. ಆದರೆ ಅವರನ್ನು ಕ್ಷಮೆ ಪಡೆಯುವವರನ್ನಾಗಿ ಕಂಡಿತೇ ಹೊರತು, ಕ್ಷಮಿಸುವ ಅಧಿಕಾರವುಳ್ಳವರನ್ನಾಗಿ ಕಾಣಲಿಲ್ಲ. ಉಳಿದರ್ಧ ಕೆಲಸ ದಣಿಗಳ ವಂಶದವರದ್ದು, ಇಗರ್ಜಿಯದ್ದು, ದೇವಸ್ಥಾನದ್ದು. ಕೊರಗರೆದುರು ನಿಂತು ತಪ್ಪನ್ನು ಹೆಸರಿಟ್ಟು ಒಪ್ಪಿಕೊಳ್ಳಬೇಕು, ನೆಲ ಮತ್ತು ಗೌರವದ ಬಾಕಿ ತೀರಿಸಬೇಕು. ಕ್ಷಮಿಸುವುದೋ ಬಿಡುವುದೋ ಆಮೇಲೆ ಅವರಿಗೆ ಬಿಟ್ಟದ್ದು.