ಸದ್ದು ಕಳೆಯಲು ಹೋಗಿ ದನಿಯನ್ನೂ ಕಳೆದರೆ?

ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸುವ ಉತ್ಸಾಹ ನಮ್ಮ ಹೊಸಪೇಟೆ, ಕಂಪ್ಲಿ ಕಡೆಯೂ ಕಾಣುತ್ತಿದೆ. ಸಂತೋಷವೇ. ಆದರೆ ಈಚೆಗೆ ಪರಿಚಿತರೊಬ್ಬರು ಹೀಗೆ 'ಶುದ್ಧಗೊಳಿಸಿದ' ಬುರ್ರಕಥೆಯೊಂದನ್ನು ಕೇಳಿಸಿದರು. ಹಿನ್ನೆಲೆಯ 'ಸುಂಯ್' ಸದ್ದು ಎಳ್ಳಷ್ಟೂ ಇರಲಿಲ್ಲ. ಅದರೊಂದಿಗೆ ಹಾಡುವವರ ಉಸಿರು, ಬೆರಳಿನ ಗಗ್ಗರಿಯ ಝಣತ್ಕಾರ, 'ಸ'ಕಾರ 'ಶ'ಕಾರಗಳ ವ್ಯತ್ಯಾಸ ಇವೂ ಹೋಗಿದ್ದವು. ದನಿ ಕೊಡದೊಳಗಿಂದ ಬಂದಂತಿತ್ತು. ಮೂಲ ಕ್ಯಾಸೆಟ್ ಎಲ್ಲಿ ಎಂದು ಕೇಳಿದೆ. "ಇನ್ನೇಕೆ ಸರ್, ಕಂಪ್ಯೂಟರಿನಲ್ಲಿದೆಯಲ್ಲ" ಎಂದರು. ಎಸೆದುಬಿಟ್ಟಿದ್ದರು!

ಇದು ಸಣ್ಣ ನಷ್ಟವಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಅಕ್ಷರ ಕಲಿಯದೆಯೇ ಹಲವು ಮಹಾಕಾವ್ಯಗಳನ್ನು ನೆನಪಿನಿಂದ ಹಾಡಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ 2003ರಲ್ಲಿ ನಾಡೋಜ ಪದವಿ ನೀಡಿತು; ಅವರು ಹಾಡಿದ ಕುಮಾರರಾಮನ ಕಥೆಯನ್ನೂ ಅಚ್ಚು ಹಾಕಿತು. 2014ರಲ್ಲಿ ಅವರು ತೀರಿಕೊಂಡರು. ಅಚ್ಚಿನಲ್ಲಿ ಮಾತು ಉಳಿಯುತ್ತದೆ. ದನಿಯ ಏರಿಳಿತ, ತಾಳ, ನಿಲುಗಡೆ ಉಳಿಯುವುದಿಲ್ಲ. ಇಂಥ ಕಲಾವಿದರ ದನಿಗೆ ಧ್ವನಿಮುದ್ರಣವೇ ಗತಿ.

ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ಟನ್ನು ಹೊರತಂದಾಗ ಮುಖ್ಯವಾಗಿ ಮಾತಿನ ಮುದ್ರಣವನ್ನೇ ಗಮನದಲ್ಲಿಟ್ಟುಕೊಂಡಿತ್ತು. ಟೇಪಿನ ಅಗಲ 3.81 ಮಿಲಿಮೀಟರ್, ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಸಾಮಾನ್ಯ ಟೇಪಿನ ಕಂದು ಲೇಪವು ಗ್ಯಾಮಾ ರೂಪದ ಫೆರಿಕ್ ಆಕ್ಸೈಡ್. (ಸಂಡೂರಿನ ಕೆಂಪು ಧೂಳಿನಲ್ಲಿರುವ ಹೆಮಟೈಟ್ ಕೂಡ ಫೆರಿಕ್ ಆಕ್ಸೈಡೇ, ಆಲ್ಫಾ ರೂಪದ್ದು. ಅದರ ಕಾಂತತ್ವ ತೀರಾ ದುರ್ಬಲ. ಆದರೆ ಗಡಸು, ಟೇಪಿನ ಮೇಲೆ ಕುಳಿತರೆ ಹೆಡ್ಡನ್ನು ಸವೆಸುತ್ತದೆ.) ಲೇಪದಲ್ಲಿರುವ ಸೂಕ್ಷ್ಮ ಕಣಗಳ ಸಂಖ್ಯೆ ಮಿತವಾದದ್ದು, ಹಂಚಿಕೆ ಯಾದೃಚ್ಛಿಕ. 'ಸುಂಯ್' ಸದ್ದಿನ ಮೂಲ ಅಲ್ಲಿದೆ. ಪಥದ ಅಗಲವನ್ನು ಎರಡು ಪಟ್ಟು ಮಾಡಿದರೆ ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತ 3 ಡೆಸಿಬೆಲ್ ಸುಧಾರಿಸುತ್ತದೆ. ಕ್ಯಾಸೆಟ್ಟಿನಲ್ಲಿ ಅಷ್ಟು ಜಾಗವೇ ಇಲ್ಲ.

ಇದಕ್ಕೆ ಉಪಾಯವಾಗಿ ಬಂದದ್ದು ಡಾಲ್ಬಿ-ಬಿ. ಮುದ್ರಿಸುವಾಗ ಕ್ಷೀಣವಾದ ಉಚ್ಚ ಆವೃತ್ತಿಗಳನ್ನು ಹಿಗ್ಗಿಸಿ, ನುಡಿಸುವಾಗ ಅಷ್ಟೇ ಕುಗ್ಗಿಸುವುದು ಅದರ ತತ್ತ್ವ. ಲಾಭ ಸುಮಾರು 10 ಡೆಸಿಬೆಲ್. ಡಾಲ್ಬಿ ಇಲ್ಲದೆ ಮುದ್ರಿಸಿದ ಕ್ಯಾಸೆಟ್ಟನ್ನು ಆ ಗುಂಡಿ ಒತ್ತಿ ನುಡಿಸುವವರಿದ್ದಾರೆ. ಸದ್ದು ಕಡಿಮೆಯಾಯಿತೆಂದು ಹಿಗ್ಗುತ್ತಾರೆ; ಕಡಿಮೆಯಾದದ್ದು ಹಾಡಿನ ಹೊಳಪೂ ಹೌದು.

ಇದಕ್ಕಿಂತ ದೊಡ್ಡ ಲಾಭ ಪುಕ್ಕಟೆಯಾಗಿ ಸಿಗುತ್ತಿತ್ತು. ಬಯಲಿನಲ್ಲಿ ಮೈಕಿನ ದೂರವನ್ನು ಅರ್ಧಕ್ಕಿಳಿಸಿದರೆ ದನಿ 6 ಡೆಸಿಬೆಲ್ ಏರುತ್ತದೆ. 4 ಮೀಟರಿನಿಂದ ಅರ್ಧ ಮೀಟರಿಗೆ ತಂದರೆ 18 ಡೆಸಿಬೆಲ್! ಆದರೆ ಯಂತ್ರವನ್ನು ಎಲ್ಲೋ ಕಟ್ಟೆಯ ಮೇಲಿಟ್ಟು, ಉಳಿದದ್ದನ್ನು ಅದರ ಸ್ವಯಂಚಾಲಿತ ಮಟ್ಟ ನಿಯಂತ್ರಣಕ್ಕೆ ಬಿಡುವುದು ನಮ್ಮ ರೂಢಿಯಾಗಿತ್ತು. ಹಾಡು ನಿಂತೊಡನೆ ಅದು ವರ್ಧನೆಯನ್ನು ಹೆಚ್ಚಿಸಿ ಜೀರುಂಡೆಯನ್ನೂ ಗದ್ದಲವನ್ನೂ ಮೇಲೆತ್ತುತ್ತಿತ್ತು.

ಇರಲಿ, ಆದದ್ದು ಆಯಿತು. ಈಗಲೂ ನಮ್ಮ ಕೈಯಲ್ಲಿರುವುದು ಹೆಡ್ಡಿನ ಓರೆ. 10,000 ಹರ್ಟ್ಸ್ ಆವೃತ್ತಿಯ ಅಲೆಯುದ್ದ ಟೇಪಿನ ಮೇಲೆ ಕೇವಲ 4.76 ಮೈಕ್ರೊಮೀಟರ್. ಮಾನೊ ಪಥದ ಅಗಲ ಸುಮಾರು 1.5 ಮಿಲಿಮೀಟರ್. ಮುದ್ರಿಸಿದ ಹೆಡ್ಡಿಗೂ ನುಡಿಸುವ ಹೆಡ್ಡಿಗೂ 0.1 ಡಿಗ್ರಿ ವ್ಯತ್ಯಾಸವಿದ್ದರೆ ಆ ಆವೃತ್ತಿ ಸುಮಾರು 5 ಡೆಸಿಬೆಲ್ ಕುಗ್ಗುತ್ತದೆ, 0.18 ಡಿಗ್ರಿಯಾದರೆ ಪೂರ್ತಿ ಅಳಿಸಿಹೋಗುತ್ತದೆ. ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಬಹುದು: ಪಥದ ಒಂದು ಅಂಚಿನಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ಅಲೆಯುದ್ದದಷ್ಟು ಅಂತರ ಬಿದ್ದಾಗ ಮೊತ್ತ ಸೊನ್ನೆ. ಹೆಡ್ಡಿನ ಪಕ್ಕದ ಪುಟ್ಟ ತಿರುಪನ್ನು, ಪ್ರತಿ ಕ್ಯಾಸೆಟ್ಟಿಗೂ, ದನಿ ಅತ್ಯಂತ ಸ್ಫುಟವಾಗುವವರೆಗೆ ತಿರುಗಿಸಬೇಕು. ಇದನ್ನು ಮಾಡದೆ ಸಾಫ್ಟ್‌ವೇರ್ ತೆರೆಯುವವರ ಮೇಲೆ ನನಗೆ ಸಿಟ್ಟು.

ಸಾಫ್ಟ್‌ವೇರ್ ಮಾಡುವುದಾದರೂ ಏನು? ಮೌನದ ತುಣುಕೊಂದರಿಂದ ಗದ್ದಲದ ರೋಹಿತವನ್ನು ಅಳೆದು, ಇಡೀ ಮುದ್ರಣದಿಂದ ಅದನ್ನು ಕಳೆಯುತ್ತದೆ. ಗದ್ದಲ ಹರಡಿರುವ ಉಚ್ಚ ಆವೃತ್ತಿಗಳಲ್ಲೇ ಗಗ್ಗರಿಯೂ 'ಸ'ಕಾರವೂ ಇವೆ. ಕ್ಷೀಣವಾದ ಗಗ್ಗರಿ ಯಾವುದು, ಗದ್ದಲ ಯಾವುದು ಎಂದು ಅದಕ್ಕೆ ತಿಳಿಯದು. 50 ಹರ್ಟ್ಸಿನ ಗುಂಯ್‌ಕಾರವನ್ನು ತೆಗೆಯುವುದು ಅಷ್ಟು ಅಪಾಯಕಾರಿಯಲ್ಲ. ಆದರೆ ಅದಕ್ಕೂ ಮೊದಲು ಅದನ್ನು ಅಳೆಯಿರಿ. ಅದು 48 ಹರ್ಟ್ಸ್ ಎಂದು ತೋರಿದರೆ ನಿಮ್ಮ ಯಂತ್ರ ಶೇಕಡಾ 4ರಷ್ಟು ನಿಧಾನವಾಗಿ ಓಡುತ್ತಿರಬಹುದು, ಶ್ರುತಿಯೂ ಅಷ್ಟೇ ಇಳಿದಿರಬಹುದು. ನಮ್ಮ ವಿದ್ಯುತ್ ಜಾಲದ ಆವೃತ್ತಿಯೇ ಹಿಂದೆ ಏರಿಳಿಯುತ್ತಿದ್ದುದರಿಂದ ಇದು ಒರಟು ಅಂದಾಜು ಮಾತ್ರ.

ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐ.ಎ.ಎಸ್.ಎ. ಕನಿಷ್ಠ 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಯಾವ ತಿದ್ದುಪಡಿಯೂ ಇಲ್ಲದ ಪ್ರತಿಯನ್ನು ಕಾಪಿಡಬೇಕೆನ್ನುತ್ತದೆ. ಕೇಳುವುದಕ್ಕೆಂದು ಬೇರೆ ಪ್ರತಿ ಮಾಡಿ ಬೇಕಾದಷ್ಟು ತೊಳೆಯಲಿ, ಯಾರ ತಕರಾರೂ ಇಲ್ಲ.

ನನ್ನ ಪರಿಚಿತರ ಮನೆಯ ಅಟ್ಟದಲ್ಲಿ ಅದೇ ಕಥೆಯ ಎರಡನೆಯ ಕ್ಯಾಸೆಟ್ ಉಳಿದಿದೆಯಂತೆ. ಮುಂದಿನ ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಹೋಗುವವನಿದ್ದೇನೆ.